ಒಂದೇ ಹೆಸರಿನ ಎರಡು ಬ್ಯಾಂಡು

ಮೊದಲೇ ಗೊತ್ತಿದ್ದರ ಆ ಸಂಡೂರಿನ ಬಾಡಿಗಿ ನಾನು ಒಪ್ಪತಿದ್ದಿಲ್ಲ. ನನ್ನ ಕಾರಿನ ಹಿಂದಿನ ಸೀಟಿನಾಗ ಇಂಗ್ಲೆಂಡಿನ ಇಬ್ಬರು ಮುದುಕರು. ಒಬ್ಬರು ಹಾಡೋರು, ಇನ್ನೊಬ್ಬರು ಅವರ ಹೆಂಡತಿಯ ಅಣ್ಣ, ಡ್ರಮ್ ಬಾರಿಸೋರು. ಒಂದು ಕಾಲಕ್ಕ ಅಲ್ಲಿ ಇವರ ರೆಗೆ ಅನ್ನೋ ಥರದ ಸಂಗೀತದ ಬ್ಯಾಂಡಿನ ಹಾಡು ಮನಿಮನಿಯಾಗ ಕೇಳತಿದ್ದವಂತ. ಆಮ್ಯಾಲೆ ಜಗಳಾಗಿ ಬ್ಯಾಂಡ್ ಒಡೀತು. ಈಗ ಇಬ್ಬರೂ ಅದೇ ಹೆಸರಿಟ್ಟುಕೊಂಡು ಬ್ಯಾರೆ ಬ್ಯಾರೆ ಬ್ಯಾಂಡ್ ನಡೆಸ್ತಾರ, ಒಬ್ಬರಿಗೊಬ್ಬರು ಮಾತು ಬಿಟ್ಟಾರ.

ಇದನ್ನೆಲ್ಲ ಹಾಡೋರ ಹೆಂಡತಿ ಹೊರಡೋ ಹೊತ್ತಿಗೆ ನನ್ನ ಕಿವಿಯಾಗ ಹೇಳಿದ್ರು. "ಹೆಂಗಾದ್ರೂ ಮಾತಾಡಿಸು" ಅಂದು, ಹೊಟ್ಟೆನೋವಿನ ನೆಪ ಹೇಳಿ ಕಡ್ಡಿರಾಂಪುರದ ಹೋಂಸ್ಟೇದಾಗ ಉಳಿದುಬಿಟ್ರು.

ಯಶವಂತನಗರದ ಹತ್ರ ಅದಿರಿನ ಲಾರಿಗಳ ನಡುವ ಸಿಕ್ಕೊಂಡ್ವಿ. ಕೆಂಪು ಧೂಳು ಒಳಗ ಬರಾಕತ್ತಿತು.

"ಕಿಟಕಿ ಹಾಕಂತ ಅವನಿಗೆ ಹೇಳು," ಅಂದ್ರು ಹಾಡೋರು, ನನಗ.

"ನನಗ ಗಾಳಿ ಬೇಕಂತ ಅವನಿಗೆ ಹೇಳು," ಅಂದ್ರು ಬಾರಿಸೋರು, ಅವರೂ ನನಗೇ.

ಮನಿಯಾಗ ಅಪ್ಪ-ಚಿಕ್ಕಪ್ಪನ ನಡುವ ಇದೇ ಕೆಲಸ ಮಾಡಿ ನನಗ ಸಾಕಾಗಿತ್ತು. ಸಿಟ್ಟಿಗೆದ್ದು ಕೇಳೇಬಿಟ್ಟೆ: "ಅದಿರ್ಲಿ ಸರ್, ನಿಮ್ಮಿಬ್ಬರೊಳಗ ಖರೇ ಬ್ಯಾಂಡ್ ಯಾರದು?"

ಕನ್ನಡಿಯಾಗ ನೋಡಾಕ ಧೈರ್ಯ ಬರಲಿಲ್ಲ. ಹಿಂದಿನಿಂದ ಇಬ್ಬರೂ ಒಮ್ಮೆಲೇ ಒದರಿದ್ರು: "ನಂದು!"

ವಾಪಸ್ ಬರೋತನಕ ಮತ್ತ ಯಾರೂ ತುಟಿ ಬಿಚ್ಚಲಿಲ್ಲ.

ಹೋಂಸ್ಟೇ ಗೇಟಿಗೇ ಆ ಅಮ್ಮ ಓಡಿಬಂದ್ರು. "ಮಾತಾಡಿದ್ರಾ?"

"ಹೂಂ ಮೇಡಂ. ಇಬ್ಬರೂ ಒಂದೇ ಮಾತು ಅಂದ್ರು."

ಯಾವ ಮಾತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಖುಷಿಯಾಗಿ, ಮರುದಿನ ಕಂಪ್ಲಿಗೂ ನೀನೇ ಇಬ್ಬರನ್ನೂ ಕರಕೊಂಡು ಹೋಗು ಅಂದ್ರು.