ಕತ್ತರಿಸಿ ಒಗೆದ ಮಾತು

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಹೇಳದಿದ್ದರೆ ನಾನು ಬೈಯುತ್ತಿರುವುದು ಯಾರನ್ನು ಎಂದು ನಿಮಗೆ ಹೇಗೆ ತಿಳಿಯಬೇಕು? ಬಸವಲಿಂಗ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಹಗಲೆಲ್ಲ ಯಂತ್ರದ ಗದ್ದಲದಲ್ಲಿರುವ ಈ ಮನುಷ್ಯನಿಗೆ ರಜೆ ಸಿಕ್ಕರೆ ಸಾಕು, ಬೈಕು ಹತ್ತಿ ಹಳ್ಳಿಗಳಿಗೆ ಹೊರಡುತ್ತಾರೆ. ಹಾಡು ಬಲ್ಲ ಮುದುಕಿಯರನ್ನು ಹುಡುಕಿ, ಮುಂದೆ ಮೊಬೈಲಿಟ್ಟು, ಸೋಬಾನೆ ಪದ, ಬೀಸುವ ಪದಗಳ ವಿಡಿಯೊ ಮಾಡಿಕೊಂಡು ಬರುವುದು ಅವರ ಹುಚ್ಚು. ಮಾಡು ಎಂದು ಯಾರೂ ಹೇಳಿದ್ದಲ್ಲ.

ಹಾಡು ಹೆಚ್ಚಾದಂತೆ ಜಾಗ ಸಾಲದಾಯಿತು. ಮೊಬೈಲು ತುಂಬಿತು, ಮನೆಯ ಹಳೆಯ ಕಂಪ್ಯೂಟರೂ ತುಂಬಿತು. ಹೊಸ ಹಾರ್ಡ್ ಡಿಸ್ಕ್ ನಮ್ಮ ಕೈಗೆ ಎಟುಕುವಂತಿರಲಿಲ್ಲ. ರಾಯಚೂರಿನ ರಿಪೇರಿ ಅಂಗಡಿಗೆ ಹೋಗಿ, ಕೆಟ್ಟ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಡಿಸ್ಕುಗಳನ್ನು ಚೌಕಾಸಿ ಮಾಡಿ ತಂದರು. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ ಕಂಪ್ಯೂಟರಿಗೆ ವೈರು ಜೋಡಿಸಿದರು. ಒಂದರಲ್ಲಿ ಅಸಲು, ಇನ್ನೊಂದರಲ್ಲಿ ನಕಲು; ಮೊಬೈಲಿನಲ್ಲಿದ್ದುದನ್ನು ಅಳಿಸಿಬಿಡುತ್ತಿದ್ದರು. ಆದರೂ ಸಾಲದೆ, ಪ್ರತಿ ವಿಡಿಯೊದಲ್ಲೂ ಕೆಮ್ಮು, ನಗು, ನಡುವಿನ ಮಾತು ಎಲ್ಲ ಕತ್ತರಿಸಿ ಬರೀ ಹಾಡು ಉಳಿಸಿಕೊಳ್ಳುತ್ತಿದ್ದರು. ಕೇಳಿದರೆ, "ಹೊಟ್ಟು ತೆಗದು ಅಕ್ಕಿ ಇಟ್ಕೊಳ್ಳಾಕತ್ತೀನಿ" ಎಂಬ ಜಾಣತನ ಬೇರೆ.

ಅವರ ಪ್ರಾಣವೆಲ್ಲ ಅರಕೇರಾದ ಹನುಮಂತಮ್ಮನ ಸೋಬಾನೆಯ ಮೇಲೆ. ಅದನ್ನು ತಂದ ದಿನ, ಇನ್ನೂ ಕತ್ತರಿ ಬೀಳುವ ಮೊದಲೇ, ದೇವದುರ್ಗದ ಬಳೆಗಾರ್ತಿ ಅಮೀರ್ ಬೀ ನಮ್ಮ ಮನೆಗೆ ಬಳೆ ಇಡಿಸಲು ಬಂದಿದ್ದಳು. ಹನುಮಂತಮ್ಮ ಅವಳಿಗೆ ಹಳೆಯ ಗೆಳತಿ. ತನಗೂ ಬೇಕೆಂದಳು; ನಮ್ಮವರ ಮೊಬೈಲಿನಿಂದ ಅವಳ ಫೋನಿಗೆ ಕಳಿಸಿದೆ. ಅಷ್ಟಕ್ಕೇ ನಮ್ಮವರು ಮನೆಗೆ ಬೆಂಕಿ ಬಿದ್ದವರಂತೆ ಕೂಗಾಡಿದರು.

"ಊರ ಮಂದಿಗೆಲ್ಲ ಹಂಚಿದ್ರ ನಾ ಯಾಕ ಜ್ವಾಪಾನ ಮಾಡಬೇಕು? ಅಮೀರ್ ಬೀ, ಅದನ್ನ ಅಳಿಸಿಬಿಡವ್ವಾ!"

"ಆತು ಬಿಡಪ್ಪಾ" ಎಂದು ಅವಳು ಬಳೆಯ ಗಂಟು ಕಟ್ಟಿಕೊಂಡು ಹೋದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹನುಮಂತಮ್ಮ ಕಳೆದ ಬೇಸಿಗೆಯಲ್ಲಿ ತೀರಿಕೊಂಡಳು. ದಸರೆಯ ಮುಂಚೆ ಅವಳ ಮಗಳು ವಿಜಯಲಕ್ಷ್ಮಿ ಫೋನು ಮಾಡಿದಳು. ಮದುವೆ ಗೊತ್ತಾಗಿತ್ತು.

"ಅಣ್ಣಾ, ನನಗ ಅರಿಷಿಣ ಹಚ್ಚೋ ಮುಂದ ನಮ್ಮವ್ವನ ಸೋಬಾನ ಕೇಳಸ್ರಿ. ಆಕಿ ಧ್ವನಿ ನಮ್ಮ ಹತ್ರ ಎಲ್ಲೂ ಇಲ್ಲ."

"ಎರಡೆರಡು ಡಿಸ್ಕಿನಾಗ ಇಟ್ಟೀನಿ ತಂಗೀ. ಚಿಂತಿ ಬಿಡು" ಎಂದರು ನಮ್ಮವರು, ಎದೆಯುಬ್ಬಿಸಿ.

ಖಂಡೇಪೂಜೆ, ಎಂದರೆ ಆಯುಧಪೂಜೆ, ಬಂತು. ಸ್ಪ್ಯಾನರು, ಸುತ್ತಿಗೆಗಳ ಜೊತೆಗೆ ಕಂಪ್ಯೂಟರಿಗೂ ಪೂಜೆ. ಎರಡೂ ಡಿಸ್ಕುಗಳನ್ನು ಅದರ ಬುಡದಲ್ಲೇ ಜೋಡಿಯಾಗಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿದರು. "ಚಾಲೂ ಇರೋ ಯಂತ್ರಕ್ಕ ಪೂಜಿ ಮಾಡಬೇಕು" ಎಂದು ಕರೆಂಟೂ ಹಾಕಿದರು. ಕಾಯಿ ಒಡೆದರು. ಗಿರಣಿಯಲ್ಲಿ ವರ್ಷವರ್ಷವೂ ಮೋಟರಿನ ಬುಡಕ್ಕೆ ಕಾಯಿನೀರು ಎರೆದು ರೂಢಿಯಾದ ಕೈ. ಕಣ್ಣು ಮುಚ್ಚಿ, ಭಕ್ತಿಯಿಂದ, ಇಲ್ಲೂ ಎರೆದೇಬಿಟ್ಟರು. ಚಟ್ ಎಂದಿತು, ಸುಟ್ಟ ವಾಸನೆ ಬಂತು, ಕಂಪ್ಯೂಟರು, ಎರಡೂ ಡಿಸ್ಕು, ಎಲ್ಲ ಆರಿಹೋಯಿತು.

ಹೈದರಾಬಾದಿಗೆ ಕಳಿಸಿದರೆ ಸಿಕ್ಕರೂ ಸಿಗಬಹುದು ಎಂದ ರಾಯಚೂರಿನ ಅಂಗಡಿಯವನು. ಅದರ ಖರ್ಚು ಕೇಳಿ ಎದ್ದು ಬಂದೆವು. ನಮ್ಮವರಿಗೆ ಅನ್ನ ಸೇರಲಿಲ್ಲ.

"ಆ ಹುಡುಗಿಗೆ ಹೆಂಗ ಮುಖ ತೋರಸ್ಲಿ, ನೀಲಗಂಗಾ?"

ಚೆನ್ನಾಗಿ ಬೈಯಬೇಕೆಂದಿದ್ದೆ. ಆ ಮುಖ ನೋಡಿ ಅದನ್ನು ಬಿಟ್ಟು ಅಮೀರ್ ಬೀಗೆ ಫೋನು ಹಚ್ಚಿದೆ.

"ಫೋನಿನಾಗ ಏನದ ಏನಿಲ್ಲ, ನನಗೇನ ತಿಳೀತದವ್ವಾ? ಮದುಮಗಳಿಗೆ ಬಳಿ ಇಡಸಾಕ ನಾನೇ ಬರ್ತೀನಿ. ಅಲ್ಲೇ ನೋಡ್ರಿ" ಎಂದಳು.

ಅರಕೇರಾದ ಮದುವೆಮನೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಹೋದೆವು. ವಿಜಯಲಕ್ಷ್ಮಿಗೆ ಬಳೆ ಇಡಿಸಿ ಕುಳಿತಿದ್ದ ಅಮೀರ್ ಬೀಯ ಮುಂದೆ ನಮ್ಮವರು ತಲೆ ತಗ್ಗಿಸಿ ಕೂತರು.

"ಅವತ್ತು ಅಳಸು ಅಂದಿದ್ದೆ..."

"ಹೂಂ, ಅಂದಿದ್ದಿ. ನನಗ ಅಳಸಾಕ ಬರಂಗಿಲ್ಲಪ್ಪಾ. ಬಂದಿದ್ರೂ ಅಳಸ್ತಿದ್ದಿಲ್ಲ ಬಿಡು" ಎಂದು ಫೋನು ಕೈಗಿಟ್ಟಳು.

ಇತ್ತು! ನಮ್ಮವರು ಸ್ಪೀಕರಿಗೆ ಜೋಡಿಸಿದರು. ಅರಿಷಿಣದ ಬಟ್ಟಲು ಬಂತು, ಹನುಮಂತಮ್ಮ ಹಾಡತೊಡಗಿದಳು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗಿ ಮಾತ್ರ ಗಟ್ಟಿಯಾಗಿ ಕುಳಿತಿದ್ದಳು. ನಡುವೆ ಕೆಮ್ಮು ಬಂದು ಹಾಡು ನಿಂತಿತು. ಮುಂದಕ್ಕೆ ಓಡಿಸಲು ನಮ್ಮವರು ಬೆರಳು ಚಾಚಿದರು. ಅಷ್ಟರಲ್ಲಿ ಹನುಮಂತಮ್ಮ ಒಳಗಿನ ಬಾಗಿಲ ಕಡೆ ತಿರುಗಿ ಕೂಗಿದಳು:

"ಏ ವಿಜೀ, ಅಣ್ಣಗ ಚಾ ತರ್ತೀಯೇನಬೇ ಇಲ್ಲಾ? ನೋಡ್ರಿ, ತಲೀನೂ ಬಾಚ್ಕೊಂಡಿಲ್ಲ. ಇದನ್ನ ಯಾರ ಲಗ್ನ ಮಾಡ್ಕೋತಾರೋ ಯಪ್ಪಾ!"

ವಿಜಯಲಕ್ಷ್ಮಿ ಅರಿಷಿಣ ಮೆತ್ತಿದ ಕೈಯಿಂದಲೇ ನಮ್ಮವರ ಕೈ ಹಿಡಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಮುಂದ ಓಡಸಬ್ಯಾಡ್ರಿ ಅಣ್ಣಾ. ಇದನ್ನೇ ಮತ್ತೊಮ್ಮೆ ಹಚ್ರಿ. ಸೋಬಾನ ಊರಾಗ ಯಾರರೆ ಹಾಡ್ತಾರ. ನನ್ನ ಹಿಂಗ ಬೈಯಾಕಿ ಆಕಿ ಒಬ್ಬಾಕಿನೇ ಇದ್ಲು."

ಈಗ ನಮ್ಮವರು ಕೇಳಿದವರಿಗೆಲ್ಲ ನಕಲು ಕೊಡುತ್ತಾರೆ. ಮತ್ತೆ ತಂದ ಡಿಸ್ಕುಗಳಲ್ಲಿ ಒಂದು ಹಿರೇಕೊಟ್ನೆಕಲ್‌ನಲ್ಲಿ ಅವರ ಅಕ್ಕನ ಟ್ರಂಕಿನಲ್ಲಿರುತ್ತದೆ. ಕತ್ತರಿಯನ್ನಂತೂ ಮುಟ್ಟುವುದಿಲ್ಲ. ಆದರೆ ಆ ದಿನ ಅರಕೇರಾದಿಂದ ಬಂದವರು ಮನೆ ಬಾಗಿಲಲ್ಲಿ ಬೈಕು ನಿಲ್ಲಿಸಿದರು, ಇಳಿಯಲಿಲ್ಲ.

"ನೀಲಗಂಗಾ, ಉಳಿದ ಮುದುಕೇರು ಹಾಡಿನ ನಡುವ ಯಾರ್ಯಾರನ್ನ ಕರದಿದ್ರೋ ಏನೋ. ಎಲ್ಲಾ ನಾನೇ ಕತ್ತರಿಸಿ ಒಗದೆ" ಎಂದರು.