ಹಿಮ ನಿಂತ ಮೇಲಿನ ಬಿಸಿಲು

ಬೆಳಿಗ್ಗೆ ಫ್ರೀಜರ್ ತೊಳೆಯಲು ಕುಳಿತಿದ್ದೆ. ಸ್ವಿಚ್ ಆರಿಸಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಚಮಚದಿಂದ ಒಮ್ಮೆ ತಟ್ಟಿದ್ದೇ ತಡ, ಒಳಗೆ ಅಂಟಿದ್ದ ಮಂಜುಗಡ್ಡೆ ಇಡಿಯ ಹಲಗೆಯಾಗಿ ಜಾರಿ ನನ್ನ ಪಾದದ ಮೇಲೆ ಬಿತ್ತು. ಬಹರೈನಿನ ಮಾಹೂಝ್ ಬಡಾವಣೆಯ ಮೂರನೆಯ ಮಹಡಿಯಲ್ಲಿ, ಈ ಸುಡುಬಿಸಿಲಿನಲ್ಲಿ, ಹಿಮಕುಸಿತ ನೆನೆದು ಬೈಯುವವಳು ನಾನೊಬ್ಬಳೇ ಇರಬೇಕು. ಬೈದದ್ದು ಭಾವನನ್ನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಲ್ಮಾಬಾದಿನಲ್ಲಿ ಕೋಳಿಮಾಂಸ ಇಡುವ ಶೀತಲ ಗೋದಾಮಿನ ಮ್ಯಾನೇಜರ್. ನಾಲ್ಕು ದಿನ ರಜೆ ಸಿಕ್ಕಿತೆಂದರೆ ಅವರಿಗೆ ಗುಂಪು ಕಟ್ಟಿಕೊಂಡು ಹೊರಡಬೇಕು. ಟಿಕೆಟಿನಿಂದ ಹಿಡಿದು ದಾರಿಯ ಚಟ್ನಿಪುಡಿಯವರೆಗೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಅಷ್ಟೆಲ್ಲ ಮಾಡಿದವರ ಮುಖಕ್ಕೆ ಬೇಡ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಯಾರೂ ಬೇಡ ಎನ್ನುವುದಿಲ್ಲ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ಇಲ್ಲಿಯ ನ್ಯಾಷನಲ್ ಡೇ ರಜೆಗೆ ಜಾರ್ಜಿಯಾದ ಹಿಮಬೆಟ್ಟ ಎಂದು ನಿರ್ಧಾರವಾಯಿತು. ಹೊರಡುವ ಮೊದಲು ಒಂದು ವಾರ ಭಾವ ಗೋದಾಮಿನೊಳಗೆ ಬೂಟು ಹಾಕಿಕೊಂಡು, ಹೆಪ್ಪುಗಟ್ಟಿದ ಕೋಳಿಗಳ ನಡುವೆ ನಡೆದು ತಾಲೀಮು ಮಾಡಿದರು. ಮೈನಸ್ ಹದಿನೆಂಟು ತನಗೆ ದಿನಾ ಇದ್ದದ್ದೇ ಎಂದು ಕಂಡಕಂಡವರಿಗೆಲ್ಲ ಹೇಳಿದರು. ಅಕ್ಕನಿಗೆ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ, ಅವಳು ಬರಲಿಲ್ಲ.

ಅಲ್ಲಿ ಎರಡು ದಿನ ಒಂದೇ ಸಮನೆ ಹಿಮ, ಗಾಳಿ. ಒಳಗೇ ಕುಳಿತು ಇಸ್ಪೀಟು ಆಡಿದೆವು. ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಭಾವ ಎಲ್ಲರಿಗಿಂತ ಮೊದಲು ಬೂಟು ಕಟ್ಟಿದರು. ನಮ್ಮ ಗೈಡ್ ಮಾರಿಯಂ ಎಂಬ ಹುಡುಗಿ ಮಾತ್ರ ಇವತ್ತು ಬೆಟ್ಟ ಬೇಡವೆಂದಳು. ನಮ್ಮದು ಕರಾವಳಿಯ ಬುದ್ಧಿ, ಮಳೆ ನಿಂತರೆ ಗಂಡಾಂತರ ಮುಗಿಯಿತು. ಬಹರೈನಿನಲ್ಲೂ ಅಷ್ಟೆ, ಧೂಳು ಇಳಿದರೆ ಗಾಡಿ ತೆಗೆಯಬಹುದು. ಹಿಮಕ್ಕೆ ಈ ಬುದ್ಧಿ ನಡೆಯುವುದಿಲ್ಲವಂತೆ. ಸುರಿದು ನಿಂತ ಮೇಲಿನ ಮೊದಲ ಬಿಸಿಲೇ ಹೆಚ್ಚು ಅಪಾಯ. ಅಡಿಯ ಹಳೆಯ ಹಿಮ ಸಕ್ಕರೆಯಂತೆ ಸಡಿಲವಾಗಿದೆ, ಗಾಳಿ ತಂದು ಒತ್ತಿದ ಹೊಸ ಹಿಮ ಅದರ ಮೇಲೆ ಹಲಗೆಯಾಗಿ ಕೂತಿದೆ, ನಾವು ತುಳಿದರೆ ಜಾರುತ್ತದೆ ಎಂದಳು. ನಂಬಿಸಲು ಗುಂಡಿಯನ್ನೂ ತೋಡಿದಳು. ಹಿಮದ ಕಂಬವೊಂದನ್ನು ಕತ್ತರಿಸಿ ನಿಲ್ಲಿಸಿ, ಮೇಲೆ ಸಲಿಕೆ ಇಟ್ಟು ಕೈಯಿಂದ ತಟ್ಟಿದಳು. ಮೂರನೆಯ ಪೆಟ್ಟಿಗೆ ಮೇಲಿನ ತುಂಡು ಜಾರಿ ಬಂತು.

ಭಾವ ಬಗ್ಗಿ ನೋಡಿ ನನ್ನ ಕಡೆ ತಿರುಗಿದರು. "ಇದು ಸಣ್ಣ ತುಂಡು ಮಾರಾಯ್ತಿ. ನಾಳೆ ಫ್ಲೈಟ್ ಉಂಟು, ಇನ್ನು ಬೆಟ್ಟ ನೋಡುದು ಯಾವಾಗ? ಒಂದು ಫೋಟೊ ತೆಗೆದು ಬರುವ."

ಮಾರಿಯಂ ಕೈಕಟ್ಟಿ ಅಲ್ಲೇ ನಿಂತಳು. ಭಾವನ ಹಿಂದೆ ನಾನು ಹೋದೆ. ಯಾಕೆಂದು ಕೇಳಬೇಡಿ. ಬಹರೈನಿನ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ನನ್ನ ಕೆಲಸವೇ ಅಪಾಯ ಎಲ್ಲಿದೆ ಎಂದು ಹುಡುಕಿ, ಬೇಡ ಎಂದು ಬರೆಯುವುದು. ಸಂಬಳ ಕೊಡುವವರಿಗೆ ಹೇಳುವ ಮಾತು ಭಾವನ ಮುಂದೆ ಬಾಯಿಗೆ ಬರಲಿಲ್ಲ.

ಇಪ್ಪತ್ತು ಹೆಜ್ಜೆ ಆಗಿರಬೇಕು. ಕಾಲಡಿಯಲ್ಲಿ ಧುಮ್ ಎಂದು ನೆಲವೇ ಒಂದು ಬೆರಳಷ್ಟು ಕುಸಿಯಿತು. ಭಾವನ ಬೂಟಿನ ಬಳಿಯಿಂದ ಬಿರುಕೊಂದು ಮೇಲಕ್ಕೆ ಓಡಿತು. ಉಸಿರು ಬಿಡಲೂ ಹೆದರಿ ನಿಂತೆವು. ಬಂದ ಹೆಜ್ಜೆಯಲ್ಲೇ, ಒಬ್ಬೊಬ್ಬರಾಗಿ ಹಿಂದೆ ಬನ್ನಿ ಎಂದು ಮಾರಿಯಂ ಕೂಗಿದಳು. ಹಾಗೆಯೇ ಬಂದೆವು.

ಊಟದ ಹೊತ್ತಿಗೆ ಆ ಇಳಿಜಾರು ತಾನಾಗಿ ಜಾರಿತು. ನಾವು ನಿಂತಿದ್ದ ಜಾಗ ಯಾವುದೆಂದೇ ತಿಳಿಯಲಿಲ್ಲ. ಭಾವ ಕಿಟಕಿಯಿಂದ ನೋಡಿ, ಸರಿಯಾದ ಸಮಯಕ್ಕೆ ವಾಪಸು ಕರೆತಂದದ್ದು ತಾನು ಎಂದು ಎಲ್ಲರಿಗೂ ಹೇಳಿದರು. ಇಂದಿಗೂ ಹಾಗೆಯೇ ಹೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಇವತ್ತು ಪಾದಕ್ಕೆ ಮುಲಾಮು ಹಚ್ಚುತ್ತಿದ್ದಾಗಲೇ ಅಕ್ಕನ ಫೋನ್ ಬಂತು. ಈ ಡಿಸೆಂಬರಿಗೂ ಭಾವ ಅದೇ ಬೆಟ್ಟಕ್ಕೆ ಜನ ಸೇರಿಸುತ್ತಿದ್ದಾರಂತೆ, ನನ್ನ ಹೆಸರು ಮೊದಲೇ ಬರೆದಾಗಿದೆಯಂತೆ. ಸಿಟ್ಟಿನಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟೆ. ಅವಳಿಗೆ ಇಷ್ಟು ವರ್ಷ ಗೊತ್ತಿದ್ದದ್ದು ಭಾವ ಹೇಳುವ ಕಥೆಯಷ್ಟೆ.

ಅಕ್ಕ ತಿರುಗಿದ್ದು ನನ್ನ ಮೇಲೆ. "ಅವರು ಹಾಗೆಯೇ ಅಂತ ನನಗೆ ಗೊತ್ತುಂಟು. ನೀನು ಒಟ್ಟಿಗೆ ಇದ್ದಿ ಅಂತ ಧೈರ್ಯ ಇತ್ತು. ನಿನಗೆ ಬಾಯಿ ಇರ್ಲಿಲ್ವಾ?"

ನಾಚಿಕೆಯಾಯಿತು. ಫೋನ್ ಇಟ್ಟವಳು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ಭಾವ, ನಾನು ಬರುವುದಿಲ್ಲ. ಆ ದಿನ ನಮ್ಮನ್ನು ಉಳಿಸಿದ್ದು ಮಾರಿಯಂ, ನೀವಲ್ಲ. ಅವಳಂಥವರು ಬೇಡ ಎಂದ ದಿನ ನೀವೂ ಹೋಗಬಾರದು.

ಎಲ್ಲರೂ ಓದಿದ್ದಾರೆ. ಭಾವ ಇನ್ನು ನನ್ನೊಡನೆ ಮಾತು ಬಿಡುತ್ತಾರೆ. ಬಿಡಲಿ. ಬದುಕಿದ್ದುಕೊಂಡು ಬಿಡಲಿ.