ವರ್ಷತೊಡಕಿನ ಗುಂಡಿಗೆ

ನಮ್ಮ ವಿಜ್ಞಾನದ ಮೇಷ್ಟ್ರು ಎರಡೂ ಕೈಯಲ್ಲಿ ಒಟ್ಟಿಗೆ ಚಿತ್ರ ಬರೆಯುತ್ತಿದ್ದರು. ಬಲಗೈಯಲ್ಲಿ ಕೆಂಪು ಸೀಮೆಸುಣ್ಣ, ಎಡಗೈಯಲ್ಲಿ ನೀಲಿ. ಬೋರ್ಡಿನ ಮುಂದೆ ತೋಳು ಅಗಲಿಸಿ ನಿಂತರೆ ಎರಡು ಶ್ವಾಸಕೋಶಗಳೂ ಒಂದೇ ಸಲ ಮೂಡುತ್ತಿದ್ದವು. ಇತ್ತ ತಿರುಗಿದಾಗ ಬಿಳಿ ಪಂಚೆಯ ಮೇಲೆಲ್ಲ ಎರಡು ಬಣ್ಣದ ಪುಡಿ.

ಐವತ್ತರ ದಶಕ. ರಾಜಾಜಿನಗರ ಅರ್ಧ ಸೈಟು, ಅರ್ಧ ಹೊಲ. ಈಗ ವಿಜಯನಗರ ಎನ್ನುವ ಕಡೆ ಇದ್ದ ನಮ್ಮ ಹಳ್ಳಿಯಿಂದ ಮಾಗಡಿ ರಸ್ತೆ ದಾಟಿ ಹೈಸ್ಕೂಲಿಗೆ ನಡೆಯುತ್ತಿದ್ದೆ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಗಂಡಸರನ್ನೂ ಸೇರಿಸಿ. "ಒಂದು ದೂರು ಬಂದ್ರೂ ಅವತ್ತೇ ಬಿಡಿಸ್ತೀನಿ" ಎಂದು ಹೇಳಿಯೇ ಅಪ್ಪ ಕಳಿಸಿದ್ದ.

ಮೇಷ್ಟ್ರ ಪಾಠವನ್ನು ಉರು ಹೊಡೆಯಬೇಕಾಗಿರಲಿಲ್ಲ. "ಒಂದೇ ಒಂದು ಜೀವಕೋಶದ ಕೈಲಿ ಏನಾಗುತ್ತೆ? ಅಂಥವು ಲಕ್ಷ ಸೇರಿ ಒಂದೇ ಕೆಲಸಕ್ಕೆ ನಿಂತರೆ ಅಂಗಾಂಶ. ಬೇರೆ ಬೇರೆ ಅಂಗಾಂಶ ಕೂಡಿದರೆ ಗುಂಡಿಗೆ. ಆ ಗುಂಡಿಗೆಯೂ ಒಂಟಿಯಾಗಿ ಬದುಕಲ್ಲ ಕಣ್ರೋ, ಶ್ವಾಸಕೋಶ ಉಸಿರು ಕೊಡಬೇಕು." ಶಾಲೆಯಲ್ಲಿ ತೋರಿಸಲು ದೇಹದ ಒಂದು ಪಟವೂ ಇರಲಿಲ್ಲ.

ಯುಗಾದಿಯ ಹಿಂದಿನ ದಿನ ನನ್ನನ್ನು ವರಾಂಡಕ್ಕೆ ಕರೆದರು. "ಹಬ್ಬದ ಮಾರನೇ ದಿನ ನಿಮ್ಮ ಕಡೆ ಕುರಿ ಕಡೀತಾರಲ್ಲಮ್ಮಾ? ಗುಂಡಿಗೆ, ಶ್ವಾಸಕೋಶ, ಕೊಳವೆ ಬಿಡಿಸದ ಹಾಗೆ ತರ್ತೀಯಾ? ಹೆದರಬೇಡ, ನಾನಿದೀನಿ."

ಸುಲಭದ ಮಾತಲ್ಲ. ವರ್ಷತೊಡಕಿಗೆ ಹತ್ತು ಮನೆಯವರು ಸೇರಿ ಒಂದು ಕುರಿ ಕಡಿದರೆ, ಗುಂಡಿಗೆಯೂ ಹತ್ತು ಚೂರಾಗಿ ಹತ್ತು ಗುಡ್ಡೆಗೆ ಬೀಳಬೇಕು. ಅಪ್ಪ ತನ್ನ ಪಾಲಿನ ತೊಡೆ ಮಾಂಸ ಬಿಟ್ಟುಕೊಟ್ಟು ಇಡಿಯಾಗಿ ಕೇಳಿದ. ಪಾಲು ಹಾಕುತ್ತಿದ್ದ ದೊಡ್ಡಪ್ಪ ನಕ್ಕ.

"ಲೇ, ನಿನ್ ಮಗಳು ಕುರಿ ಹೊಟ್ಟೇಲೂ ಪುಸ್ತಕ ಹುಡುಕ್ತಾಳಲ್ಲೋ!"

"ಸುಮ್ನೆ ಕೊಡಣ್ಣೋ, ಮೇಷ್ಟ್ರು ಕೇಳವ್ರೆ" ಎಂದ ಅಪ್ಪ.

ಮುತ್ತುಗದ ಎಲೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಅಂದೇ ಮಧ್ಯಾಹ್ನ ಶಾಲೆಗೆ ಒಯ್ದೆ. ಮೇಷ್ಟ್ರು ಶ್ವಾಸನಾಳಕ್ಕೆ ಸೈಕಲ್ ಪಂಪಿನ ಕೊಳವೆ ಸಿಕ್ಕಿಸಿ ದಾರ ಕಟ್ಟಿದರು. ಒತ್ತಿದಾಗ ಸೊರಗಿ ಬಿದ್ದಿದ್ದ ಶ್ವಾಸಕೋಶ ತಿಳಿಗೆಂಪಾಗಿ ಮೇಲೆದ್ದಿತು. ಬಿಟ್ಟಾಗ ಇಳಿಯಿತು. ಮಾಂಸದಂಗಡಿಯ ಬೀದಿಯಲ್ಲೂ ನಡೆಯದ ಮನುಷ್ಯ ಬರಿಗೈಯಲ್ಲಿ ಗುಂಡಿಗೆ ಸೀಳಿ, "ಎಡಗಡೆ ಗೋಡೆ ಮುಟ್ಟಿ ನೋಡಿ, ಎಷ್ಟು ದಪ್ಪ. ಮೈಗೆಲ್ಲ ರಕ್ತ ತಳ್ಳೋದು ಇದೇ" ಎಂದರು. ಅಂದು ಅವರ ಕಣ್ಣಿನಲ್ಲಿದ್ದ ಸಂತೋಷವನ್ನು ಸುಳ್ಳು ಎನ್ನಲಾರೆ.

ಮಾರನೆಯ ಬೆಳಿಗ್ಗೆ ಏಳೆಂಟು ಮಂದಿ ಪೋಷಕರು ಹೆಡ್‌ಮಾಸ್ಟರ ಕೋಣೆಯಲ್ಲಿದ್ದರು. ಸರಸ್ವತಿಯ ಪಟವಿದ್ದ ತರಗತಿಗೆ ಮಾಂಸ! ಅಪ್ಪನಿಗೂ ಹೇಳಿಕಳಿಸಿದ್ದರು, ಗದ್ದೆಯ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದ.

"ಯಾರು ಹೇಳಿದ್ದು ತರೋಕೆ?" ಹೆಡ್‌ಮಾಸ್ಟರು ಕೇಳಿದರು.

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಮೇಜಿನ ಕಡೆ ನೋಡುತ್ತಾ ಹೇಳಿದರು: "ನಾನೇನೂ ಹೇಳಿರಲಿಲ್ಲ ಸಾರ್. ಆ ಮಗು ತಾನಾಗಿಯೇ ತಂತು. ತಂದ ಮೇಲೆ ತೋರಿಸಿದೆ, ಅಷ್ಟೇ."

ನನ್ನ ಹೆಸರು ಹೊಡೆದುಹಾಕಿದರು. ದಾರಿಯಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು: "ಮೇಷ್ಟ್ರು ಕೇಳಿದ್ರು ಅಂದಿದ್ದು ಸುಳ್ಳಾ ಮಗಾ?" ಅಲ್ಲ ಎಂದೆ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ವರ್ಷ ಕಳೆ ಕಿತ್ತೆ, ಸಗಣಿ ಬಾಚಿದೆ. ಅವ್ವ ಉಪವಾಸ ಕೂತು ಹಟ ಹಿಡಿದಿದ್ದರಿಂದ ಕೆಂಗೇರಿಯ ಕಡೆಯ ಇನ್ನೊಂದು ಶಾಲೆಗೆ ಸೇರಿದೆ. ಅಲ್ಲಿಂದ ಬಿ.ಎಸ್ಸಿ.ವರೆಗೆ ಒಂದು ಪರೀಕ್ಷೆಯಲ್ಲೂ ಡುಮ್ಕಿ ಹೊಡೆಯಲಿಲ್ಲ. ರಕ್ತಪರಿಚಲನೆಯ ಪ್ರಶ್ನೆ ಬಂದಾಗಲೆಲ್ಲ ಉತ್ತರ ಕೊಟ್ಟದ್ದು ಆ ಮಧ್ಯಾಹ್ನವೇ. ಅದು ಅವರದೇ ಋಣ. ಆದರೆ ನಾನು ಕಳೆದುಕೊಂಡ ಆ ಒಂದು ವರ್ಷವೂ ಅವರದೇ ಲೆಕ್ಕಕ್ಕೆ.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನೂ ವಿಜ್ಞಾನದ ಮೇಡಂ ಆಗಿದ್ದೆ. ಅವರ ಮನೆಗೆ ಹೋದೆ. ಹೆಸರು ಹೇಳಿದೊಡನೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ನೀನೇನಮ್ಮಾ ಅದು? ಯಾರೂ ಕೇಳದೇ ಇದ್ರೂ ಕುರಿ ಗುಂಡಿಗೆ ತಂದ ಹುಡುಗಿ? ನಿನ್ನ ವಿಷಯ ಬಹಳ ಹೇಳೋರು."

ಮನೆಯಲ್ಲೂ ಹಾಗೆಯೇ ಹೇಳಿದ್ದರು.

"ಹೌದಮ್ಮಾ, ನಾನೇ" ಎಂದೆ.

ಅಂದು ಆ ಕೋಣೆಗೆ ಹೋಗುವ ಮುಂಚೆ, ‘ನೀನಾಗಿಯೇ ತಂದೆ ಅಂತ ಹೇಳಿಬಿಡಮ್ಮಾ, ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ’ ಎಂದು ವರಾಂಡದಲ್ಲಿ ಒಂದು ಮಾತು ಕೇಳಿದ್ದರೆ ಅಂದೂ ಇದನ್ನೇ ಹೇಳುತ್ತಿದ್ದೆ. ಅವರು ಕೇಳಲಿಲ್ಲ.